ಪಾಸು ಕೈಯಲ್ಲಿದೆ, ಬಸ್ಸೆಲ್ಲಿ?

ನಿತ್ಯಜೀವನದ ಕೆಲವು ಅನುಕೂಲತೆಗಳು ಇರುವವರೆಗೂ ಅವು ಇವೆಯೆಂಬ ಅರಿವೇ ನಮಗಾಗುವುದಿಲ್ಲ. ನಲ್ಲಿಯ ನೀರು, ಅಂಚೆಯವನ ಚೀಲ, ದವಾಖಾನೆಯ ದಾದಿ, ಊರ ಮುಂದೆ ಬಂದು ನಿಲ್ಲುವ ಬಸ್ಸು, ಇವೆಲ್ಲ ಆ ಬಗೆಯವು. ಇವುಗಳಲ್ಲಿ ಒಂದು ನಿಂತ ದಿನ ಇಡೀ ಮನೆಯ ಲೆಕ್ಕಾಚಾರವೇ ತಪ್ಪುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅಂಥ ದಿನಗಳನ್ನು ಗಡಿಯ ಈಚೆಗಿರುವ ನಾವು ಕನ್ನಡಿಗರು ಇತರರಿಗಿಂತ ತುಸು ಹೆಚ್ಚಾಗಿಯೇ ಕಂಡಿದ್ದೇವೆ. ಕಾರಣ ಸರಳವಾದುದು. ಉಳಿದವರ ಸಂಸಾರ ಒಂದು ಸರಕಾರದ ಬಸ್ಸನ್ನು ನಂಬಿಕೊಂಡಿರುತ್ತದೆ. ನಮ್ಮ ಸಂಸಾರ ಎರಡು ಸರಕಾರಗಳ ಬಸ್ಸುಗಳನ್ನು ನಂಬಿಕೊಂಡಿದೆ. ಎರಡರಲ್ಲಿ ಯಾವುದು ನಿಂತರೂ ನಮ್ಮ ಮನೆಯ ಒಂದು ಬಾಗಿಲು ಮುಚ್ಚಿದಂತೆಯೇ ಸರಿ.

ನಾವು ನೆಲಸಿರುವುದು ಕೊಲ್ಹಾಪುರ ಜಿಲ್ಲೆಯ ಕಾಗಲ ತಾಲೂಕಿನ ಬಿದ್ರಿಯಲ್ಲಿ. ದೂಧಗಂಗಾ–ವೇದಗಂಗಾ ಸಹಕಾರಿ ಸಕ್ಕರೆ ಕಾರಖಾನೆಯಿಂದಾಗಿ ಈ ಊರಿನ ಹೆಸರು ದೂರದವರೆಗೂ ಪರಿಚಿತವಾಗಿದೆ. ಕೊಲ್ಹಾಪುರದಿಂದ ಗಾರಗೋಟಿಗೆ ಹೋಗುವ ರಸ್ತೆ ನಮ್ಮೂರನ್ನು ಹಾಯ್ದು ಮುಂದೆ ಮುದಾಳ ತಿಟ್ಟಾಕ್ಕೆ ತಲುಪುತ್ತದೆ. ಅಲ್ಲಿ ಎಡಕ್ಕೆ ಹೊರಳಿದರೆ ಮುರಗೂಡಿನ ಮೇಲೆ ಹಾಯ್ದು ನಿಪ್ಪಾಣಿ. ನಿಪ್ಪಾಣಿ ನಮ್ಮ ಮನೆಯವರ ತವರೂರು. ಮಗಳನ್ನು ಕೊಟ್ಟಿರುವುದು ಗಡಹಿಂಗ್ಲಜಕ್ಕೆ. ಬೀಗರ ಸಂತೆ, ಸಂಬಂಧ, ಮದುವೆ ಮುಂಜಿವೆಗಳೆಲ್ಲ ಗಡಿಯಾಚೆಯ ಸಂಕೇಶ್ವರ, ಹುಕ್ಕೇರಿಗಳ ಕಡೆಗೆ. ಸೋದರಳಿಯನು ಇಚಲಕರಂಜಿಯಲ್ಲಿ ನಾಲ್ಕು ಯಂತ್ರಮಗ್ಗಗಳನ್ನು ಇಟ್ಟುಕೊಂಡಿದ್ದಾನೆ. ಈ ಪತ್ರಿಕೆಯನ್ನು ಓದುವ ಬಹುತೇಕ ಮನೆಗಳ ಚಿತ್ರ ಇದಕ್ಕಿಂತ ಬಹಳ ಭಿನ್ನವಾಗಿರಲಾರದು. ಊಟ ಒಂದು ರಾಜ್ಯದಲ್ಲಿ, ನೆಂಟಸ್ತಿಕೆ ಇನ್ನೊಂದು ರಾಜ್ಯದಲ್ಲಿ.

ಹಿಂದೆ ಇಷ್ಟು ತೊಡಕು ಇರಲಿಲ್ಲ. 1948ರ ಜೂನ್ 1ರಂದು ಪುಣೆಯಿಂದ ಅಹಮದನಗರಕ್ಕೆ ಸರಕಾರದ ಮೊದಲ ಬಸ್ಸು ಹೊರಟಾಗ ನಿಪ್ಪಾಣಿ ಮುಂಬಯಿ ಪ್ರಾಂತದಲ್ಲಿತ್ತು, ಕಾಗಲವು ಕೊಲ್ಹಾಪುರ ಸಂಸ್ಥಾನದಲ್ಲಿತ್ತು. 1949ರಲ್ಲಿ ಸಂಸ್ಥಾನವು ವಿಲೀನವಾದ ಮೇಲೆ ಎರಡೂ ಊರುಗಳು ಒಂದೇ ಆಡಳಿತದ ಕೆಳಗೆ ಬಂದವು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆಯು ಅತ್ತ ಸೇರಿತು, ನಾವು ಇತ್ತ ಉಳಿದೆವು. ಇಂದು ಅತ್ತ ಓಡುವುದು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯುಳ್ಳ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸು. ಇತ್ತ ಓಡುವುದು ಮಹಾರಾಷ್ಟ್ರ ರಾಜ್ಯ ಮಾರ್ಗ ಪರಿವಹನ ಮಹಾಮಂಡಳದ ಬಸ್ಸು. ನಮ್ಮ ಜನರಿಗೆ ಮಾತ್ರ ಇದು ಎಂದೆಂದಿಗೂ ‘ಎಸ್.ಟಿ.’. ಮುಷ್ಕರಕ್ಕೆ ನೆರೆಯ ಮರಾಠಿಗರು ‘ಸಂಪ’ ಎನ್ನುತ್ತಾರೆ, ನಮ್ಮ ಹಿರಿಯರು ‘ಸ್ಟ್ರಾಯಿಕು’ ಎನ್ನುತ್ತಾರೆ. ಹೆಸರು ಯಾವುದಾದರೂ ಕೈಚೀಲ ಹಿಡಿದು ಸ್ಟ್ಯಾಂಡಿನಲ್ಲಿ ಕುಳಿತವರ ಪಾಡು ಒಂದೇ.

2021ನೆಯ ವರ್ಷವನ್ನು ನಮ್ಮ ಕಡೆಯ ಸಂಸಾರಗಳು ಬೇಗನೆ ಮರೆಯಲಾರವು. ಆ ಏಪ್ರಿಲ್ 7ರಿಂದ 21ರವರೆಗೆ ಕರ್ನಾಟಕದ ಸಾರಿಗೆ ನೌಕರರು ಆರನೆಯ ವೇತನ ಆಯೋಗದ ಶ್ರೇಣಿಗಾಗಿ ಮುಷ್ಕರ ಹೂಡಿದರು. ಯುಗಾದಿಯು 13ರಂದು ಬಂದಿತ್ತು. ಒಂದು ಕಡೆ ಕೊರೋನಾ ರೋಗದ ಎರಡನೆಯ ಅಲೆಯ ಭೀತಿ, ಇನ್ನೊಂದು ಕಡೆ ಬಸ್ಸಿಲ್ಲದ ರಸ್ತೆ. ಬೇವು ಬೆಲ್ಲವನ್ನು ಆ ವರ್ಷ ನಾವು ಇಬ್ಬರೇ ತಿಂದೆವು. ಬೇಸಿಗೆ ಕಳೆಯಿತು, ಮಳೆಗಾಲ ಕಳೆಯಿತು. ದೀಪಾವಳಿಯ ಹೊತ್ತಿಗಾದರೂ ಎಲ್ಲರೂ ಕೂಡೋಣವೆಂದು ಎದುರು ನೋಡುತ್ತಿರುವಾಗ ಈಚೆಯ ಬಸ್ಸು ನಿಂತಿತು. ಅಕ್ಟೋಬರಿನ ಕೊನೆಯ ವಾರದಲ್ಲಿ ಕೆಲವು ಡಿಪೋಗಳಲ್ಲಿ ಆರಂಭವಾದ ಚಳವಳಿ ನವೆಂಬರ್ ಎರಡನೆಯ ವಾರದ ಹೊತ್ತಿಗೆ ಮಹಾರಾಷ್ಟ್ರದ ಎಲ್ಲ 250 ಡಿಪೋಗಳಿಗೂ ಹಬ್ಬಿತು. ನವೆಂಬರ್ 5ರಂದು ಪಾಡ್ಯ, ಮರುದಿನ ಅಣ್ಣನ ಬಿದಿಗೆ, ಅದರಾಚೆ ಅಕ್ಕನ ತದಿಗೆ. ನಿಪ್ಪಾಣಿಯಿಂದ ಬೆಳಗಾವಿಗೆ ಬಸ್ಸುಗಳು ಎಂದಿನಂತೆ ಓಡುತ್ತಿದ್ದವು. ನಿಪ್ಪಾಣಿಯವರೆಗೆ ತಲುಪುವುದೇ ನಮಗೆ ಕಠಿಣವಾಗಿತ್ತು. ಒಂದೇ ವರ್ಷದಲ್ಲಿ ಯುಗಾದಿಯನ್ನು ಅತ್ತಣ ಮುಷ್ಕರವೂ ದೀಪಾವಳಿಯನ್ನು ಇತ್ತಣ ಮುಷ್ಕರವೂ ಕೊಂಡೊಯ್ದವು. ಅದುವರೆಗೆ ನಮ್ಮ ಮನೆಯ ಹೆಂಗಸರಿಗೆ ಗಡಿಯೆಂದರೆ ರಸ್ತೆಯ ಬದಿಯ ಒಂದು ಫಲಕ ಮಾತ್ರ ಆಗಿತ್ತು. ಆ ವರ್ಷ ಅದು ಗೋಡೆಯಂತೆ ಕಂಡಿತು.

ಹಬ್ಬ ತಪ್ಪಿದ್ದನ್ನು ದೊಡ್ಡ ಕಷ್ಟವೆಂದು ಹೇಳಲು ನಾವು ಇದನ್ನು ಬರೆಯುತ್ತಿಲ್ಲ. ಹಬ್ಬ ಮರುವರ್ಷ ಮತ್ತೆ ಬರುತ್ತದೆ. ಮರಳಿ ಬಾರದವು ಬೇರೆ ಕೆಲವುಂಟು. ಅವುಗಳ ವಿಚಾರವನ್ನು ವಾಚಕರ ಮುಂದೆ ಇಡಬೇಕೆಂಬುದೇ ನಮ್ಮ ಉದ್ದೇಶ.

ಸರಕಾರಗಳು ಬಡವರಿಗೆ, ವೃದ್ಧರಿಗೆ, ವಿದ್ಯಾರ್ಥಿಗಳಿಗೆ ಕೊಡುವ ಪ್ರಯಾಣದ ರಿಯಾಯಿತಿಗಳೆಲ್ಲ ಸರಕಾರಿ ಬಸ್ಸಿನ ಮೂಲಕವೇ ಬರತಕ್ಕವು. ಮಹಾರಾಷ್ಟ್ರದಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಅಹಲ್ಯಾಬಾಯಿ ಹೋಳ್ಕರ ಯೋಜನೆಯ ಪಾಸಿನ ಮೇಲೆ ಶಾಲೆಗೆ ಬಿಟ್ಟಿಯಾಗಿ ಹೋಗುತ್ತಾರೆ. ಅರುವತ್ತೈದು ದಾಟಿದವರಿಗೆ ಅರ್ಧ ಟಿಕೀಟು. 2022ರ ಆಗಸ್ಟಿನಿಂದ ಎಪ್ಪತ್ತೈದು ದಾಟಿದವರಿಗೆ ಬಿಟ್ಟಿ ಪ್ರಯಾಣ, 2023ರ ಮಾರ್ಚಿನಿಂದ ಎಲ್ಲ ಸ್ತ್ರೀಯರಿಗೆ ಅರ್ಧ ದರ. ಅತ್ತ ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ. ಇವೆಲ್ಲ ಸ್ತುತ್ಯವಾದ ಕಾರ್ಯಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ಬಸ್ಸು ನಿಂತ ಗಳಿಗೆಗೆ ಈ ಎಲ್ಲ ಹಕ್ಕುಗಳೂ ನಿಂತುಬಿಡುತ್ತವೆ. ನಮ್ಮ ಕಡೆ ‘ವಡಾಪ’ ಎಂದು ಕರೆಯುವ ಖಾಸಗಿ ಜೀಪುಗಳವರಿಗೆ ಪಾಸು ಗೊತ್ತಿಲ್ಲ, ಅರ್ಧ ಟಿಕೀಟು ಗೊತ್ತಿಲ್ಲ, ವಯಸ್ಸು ಗೊತ್ತಿಲ್ಲ. ಜೀಪು ತುಂಬುವವರೆಗೆ ನಿಲ್ಲಬೇಕು, ತುಂಬಿದ ಮೇಲೆ ಮುದುರಿಕೊಂಡು ಕೂಡ್ರಬೇಕು, ಕೇಳಿದಷ್ಟು ಕೊಡಬೇಕು. ಆದುದರಿಂದ ಮುಷ್ಕರದ ಭಾರವು ಎಲ್ಲರ ಮೇಲೆ ಸಮನಾಗಿ ಬೀಳುತ್ತದೆಂಬ ಮಾತು ನಿಜವಲ್ಲ. ಮೋಟಾರ್ ಸೈಕಲ್ ಉಳ್ಳವನಿಗೆ ಅದು ಪತ್ರಿಕೆಯಲ್ಲಿ ಓದುವ ಸುದ್ದಿ. ಪಾಸು ಹಿಡಿದವನಿಗೆ ಅದು ದಿನದ ಅನ್ನ, ಔಷಧಿ, ವಿದ್ಯೆಗಳ ಪ್ರಶ್ನೆ.

ನಮ್ಮ ಕೇರಿಯ ಒಬ್ಬ ಹುಡುಗಿಯ ವಿಷಯವನ್ನು ಇಲ್ಲಿ ಹೇಳಬೇಕು. ಅವಳೂ ನಮ್ಮ ತಮ್ಮನ ಮೊಮ್ಮಗಳೂ ಒಟ್ಟಿಗೆ ಹನ್ನೊಂದನೆಯ ತರಗತಿಗಾಗಿ ಗಾರಗೋಟಿಗೆ ಹೋಗುತ್ತಿದ್ದರು. ಕೊರೋನಾದಿಂದ ಮುಚ್ಚಿದ್ದ ತರಗತಿಗಳು 2021ರ ಅಕ್ಟೋಬರಿನಲ್ಲಷ್ಟೇ ತೆರೆದಿದ್ದವು. ಮಕ್ಕಳು ಪುಸ್ತಕದ ಮುಖ ನೋಡಿ ಒಂದು ತಿಂಗಳಾಗುವಷ್ಟರಲ್ಲಿ ಬಸ್ಸು ನಿಂತಿತು. ನಮ್ಮ ಮೊಮ್ಮಗಳನ್ನು ಅವಳ ತಂದೆ ಮೋಟಾರ್ ಸೈಕಲ್ಲಿನ ಮೇಲೆ ಬಿಟ್ಟುಬರತೊಡಗಿದರು. ಇನ್ನೊಬ್ಬಳ ತಂದೆ ಕೂಲಿಯವರು. ಮೊದಲ ಕೆಲವು ವಾರ ಅವಳು ವಡಾಪದಲ್ಲಿ ಹೋದಳು. ಆಮೇಲೆ ವಾರಕ್ಕೆ ಮೂರು ದಿನ, ಆಮೇಲೆ ಒಂದು ದಿನ. ಕಬ್ಬಿನ ಹಂಗಾಮಿನ ಕಾಲ. ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೋಗುವ ರಸ್ತೆಯಲ್ಲಿ ಬೆಳೆದ ಹುಡುಗಿಯನ್ನು ನಡೆಸಿ ಕಳಿಸಲು ತಾಯಿಗೆ ಧೈರ್ಯ ಸಾಲಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಅವಳು ತಾಯಿಯ ಜೊತೆಗೆ ಕಬ್ಬಿನ ಹೊಲಕ್ಕೆ ಹೋಗತೊಡಗಿದಳು. 2022ರ ಜೂನಿನಲ್ಲಿ ಬಸ್ಸು ಓಡುತ್ತಿತ್ತು, ಹೆಣ್ಣುಮಕ್ಕಳ ಪಾಸೂ ಇತ್ತು, ಅವಳು ಮಾತ್ರ ಬರಲಿಲ್ಲ. ಮುಂದಿನ ಮಾಘಮಾಸದಲ್ಲಿ ಅವಳ ಮದುವೆಯ ಆಮಂತ್ರಣ ನಮಗೆ ಬಂದಿತು. ಮುಷ್ಕರವೊಂದೇ ಇದಕ್ಕೆ ಕಾರಣವೆಂದು ನಾವು ಹೇಳಲಾರೆವು. ಬಡತನವಿತ್ತು, ರೋಗದ ವರ್ಷಗಳು ಕಲಿಕೆಯ ಅಭ್ಯಾಸವನ್ನೇ ಮುರಿದಿದ್ದವು. ಆದರೂ ಆ ಎಳೆಯನ್ನು ಹಿಡಿದಿದ್ದುದು ಬೆಳಗಿನ ಬಸ್ಸೊಂದೇ ಆಗಿತ್ತು. ಅದು ತಪ್ಪಿದ ಮೇಲೆ ಹಿಡಿಯಲು ಬೇರೆ ಏನೂ ಉಳಿಯಲಿಲ್ಲ.

ಇಚಲಕರಂಜಿಯ ಮಗ್ಗಗಳ ಕಥೆ ಇನ್ನೊಂದು ಬಗೆಯದು. ನಮ್ಮ ಸೋದರಳಿಯನ ಮಗ್ಗಗಳಿಗೆ ಇಬ್ಬರು ನೇಕಾರರು ಗಡಿಯಾಚೆಯ ಬೋರಗಾಂವದ ಕಡೆಯಿಂದ ಬರುವವರು. ಅಲ್ಲಿ ನೇಯ್ದ ಬಟ್ಟೆಯ ಅಳತೆಯ ಮೇಲೆ ಕೂಲಿ. ಪಾಳಿಗೆ ತಡವಾಗಿ ಬಂದರೆ ಅಷ್ಟು ಗಜ ಕಡಿಮೆ, ಬಾರದಿದ್ದರೆ ಏನೂ ಇಲ್ಲ. ಕೊನೆಗೆ ಆ ಇಬ್ಬರೂ ಮಗ್ಗದ ಮನೆಯಲ್ಲಿಯೇ ಹಾಸಿಗೆ ಬಿಡಿಸಿ, ಶನಿವಾರಕ್ಕೊಮ್ಮೆ ಸೈಕಲ್ ತುಳಿದು ಮನೆಗೆ ಹೋಗುತ್ತಿದ್ದರು. ಹತ್ತಾರು ಮೈಲಿಯ ಅಂತರದಲ್ಲಿ ಹೆಂಡಿರು ಮಕ್ಕಳಿದ್ದೂ ಅವರು ಐದೂವರೆ ತಿಂಗಳು ಪರದೇಶದಲ್ಲಿದ್ದಂತೆ ಬಾಳಿದರು.

ಇಷ್ಟೆಲ್ಲ ಹೇಳಿದ ಮೇಲೆ ಮುಷ್ಕರ ಹೂಡಿದವರನ್ನು ನಾಲ್ಕು ಮಾತು ಬೈದು ಲೇಖನಿಯನ್ನು ಕೆಳಗಿಡುವುದು ಸುಲಭ. ಹಾಗೆ ಮಾಡಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಏಕೆಂದರೆ ಮುಷ್ಕರ ಹೂಡಿದವರಲ್ಲಿ ಒಬ್ಬನು ನಮ್ಮ ನೆರೆಮನೆಯವನೇ ಆಗಿದ್ದನು. ಏಳೆಂಟು ವರ್ಷ ಸೇವೆ ಮಾಡಿದ ಚಾಲಕ. ರಾತ್ರಿ ಯಾವುದೋ ಹಳ್ಳಿಯಲ್ಲಿ ವಸ್ತಿ ಬಸ್ಸು ನಿಲ್ಲಿಸಿ ಅದರಲ್ಲಿಯೇ ಮಲಗಿ, ನಸುಕಿನಲ್ಲಿ ಹಾಲಿನ ಕ್ಯಾನು, ಶಾಲೆಯ ಮಕ್ಕಳು, ಸಂತೆಯ ಬುಟ್ಟಿ ಎಲ್ಲವನ್ನೂ ಹೇರಿಕೊಂಡು ಬರುವವನು. ನಾವು ಒಂದು ದಿನ ಅವನನ್ನು ವಿಚಾರಿಸಿದಾಗ, “ಕಾಕಾ, ಸರಕಾರಿ ನೌಕರಿ ಅಂತ ಊರ ಮಂದಿ ಅಂತೈತಿ. ಪಗಾರದ ದಿನಾ ಮಾತ್ರ ನಾವು ಸರಕಾರದವರಲ್ಲ. ನಮಗೇನ ಗಾಡಿ ನಿಂದರಸೋ ಹೌಸ ಐತೇನ್ರಿ?” ಎಂದನು. ಆ ಮುಷ್ಕರದ ತಿರುಳೆಲ್ಲ ಈ ಮಾತಿನಲ್ಲಿತ್ತು. ಮಹಾಮಂಡಳವನ್ನು ರಾಜ್ಯ ಸರಕಾರದಲ್ಲಿ ವಿಲೀನಗೊಳಿಸಿ ತಮ್ಮನ್ನು ಸರಕಾರಿ ನೌಕರರೆಂದು ಎಣಿಸಬೇಕೆಂಬುದೇ 90,000ಕ್ಕೂ ಹೆಚ್ಚಿನ ಆ ನೌಕರರ ಮುಖ್ಯ ಬೇಡಿಕೆಯಾಗಿತ್ತು.

ಆ ಚಾಲಕನ ತಾಯಿಗೆ ಸಕ್ಕರೆ ಕಾಯಿಲೆ. ತಿಂಗಳಿಗೊಮ್ಮೆ ಅರ್ಧ ಟಿಕೀಟಿನಲ್ಲಿ ಕೊಲ್ಹಾಪುರದ ದವಾಖಾನೆಗೆ ಹೋಗಿ ಗುಳಿಗೆ ತರುತ್ತಿದ್ದರು. ಮಗನ ಮುಷ್ಕರದಿಂದ ತಾಯಿಗೇ ಬಸ್ಸಿಲ್ಲ. ಒಂದು ತಿಂಗಳು ಅರ್ಧರ್ಧ ಗುಳಿಗೆ ನುಂಗಿ ದಿನ ನೂಕಿದರೆಂದು ನಮ್ಮ ಮನೆಯವರಿಂದ ತಿಳಿಯಿತು. ಯಾರೋ ಅವರೆದುರಿಗೆ ಮಗನನ್ನು ಆಕ್ಷೇಪಿಸಿದಾಗ ಆ ತಾಯಿ, “ಮಗಾ ತಪ್ಪ ಮಾಡ್ಯಾನಂತ ನಾ ಹೆಂಗ ಅನ್ನಲಿ? ನನಗ ಗುಳಿಗಿನೂ ಬೇಕ, ಅವನ ಪಗಾರಾನೂ ಬೇಕ” ಎಂದರು. ಪಂಡಿತರ ಭಾಷಣಗಳಲ್ಲಿ ಸಿಗದ ವಿವೇಕ ಆ ಮಾತಿನಲ್ಲಿದೆಯೆಂದು ನಮಗೆ ತೋರುತ್ತದೆ. ಗುಳಿಗೆಯೂ ನ್ಯಾಯ, ಪಗಾರವೂ ನ್ಯಾಯ. ಒಂದು ನ್ಯಾಯವನ್ನು ಪಡೆಯಲು ಇನ್ನೊಂದನ್ನು ಒತ್ತೆಯಿಡಬೇಕಾದ ಏರ್ಪಾಡಿನಲ್ಲಿಯೇ ದೋಷವಿದೆ.

ಆ ಮುಷ್ಕರದ ಪರಿಣಾಮವಾದರೂ ಏನು? ನವೆಂಬರ್ 24ರಂದು ಸರಕಾರವು ವೇತನ ಹೆಚ್ಚಳವನ್ನು ಸಾರಿತು. ಹತ್ತು ವರ್ಷದೊಳಗಿನ ಸೇವೆಯವರಿಗೆ 5,000 ರೂಪಾಯಿ, ಹತ್ತರಿಂದ ಇಪ್ಪತ್ತು ವರ್ಷದವರಿಗೆ 4,000, ಅದಕ್ಕೂ ಹಳಬರಿಗೆ 2,500. ಆದರೂ ವಿಲೀನದ ಬೇಡಿಕೆ ಉಳಿದುದರಿಂದ ಬಹುಜನ ನೌಕರರು ಮರಳಲಿಲ್ಲ. ಸಾವಿರಾರು ಜನ ಅಮಾನತಾದರು, ಸಾವಿರಾರು ಜನ ವಜಾ ಆದರು. ಕೊನೆಗೆ 2022ರ ಏಪ್ರಿಲ್ 7ರಂದು ಮುಂಬಯಿ ಉಚ್ಚ ನ್ಯಾಯಾಲಯವು ಅದೇ ತಿಂಗಳ 22ರೊಳಗೆ ಕೆಲಸಕ್ಕೆ ಹಾಜರಾಗುವಂತೆ ಸೂಚಿಸಿದ ಮೇಲೆ ಬಸ್ಸುಗಳು ರಸ್ತೆಗೆ ಬಂದವು. ವಿಲೀನ ಆಗಲಿಲ್ಲ. ಈ ಐದೂವರೆ ತಿಂಗಳಲ್ಲಿ ಸಾಲಮಾಡಿಯಾದರೂ ಮೋಟಾರ್ ಸೈಕಲ್ ಕೊಂಡ ಮನೆಗಳು ನಮ್ಮ ಕೇರಿಯಲ್ಲಿಯೇ ನಾಲ್ಕು. ಅವರು ಮತ್ತೆ ಬಸ್ಸಿನ ಕಡೆಗೆ ತಿರುಗಿ ನೋಡಲಿಲ್ಲ. ಪ್ರಯಾಣಿಕನನ್ನು ಕಳೆದುಕೊಂಡ ಬಸ್ಸಿನಲ್ಲಿ ಚಾಲಕನ ಪಗಾರಕ್ಕಾದರೂ ಭದ್ರತೆ ಎಲ್ಲಿಂದ ಬರಬೇಕು? ದೀರ್ಘ ಮುಷ್ಕರವು ನೌಕರನು ನಿಂತ ನೆಲವನ್ನೇ ಕೊರೆಯುತ್ತದೆ.

ಬಸ್ಸಿನ ಮಾತೇ ದೊಡ್ಡದಾಯಿತು. ಉಳಿದ ಸಾರ್ವಜನಿಕ ಸೇವೆಗಳ ಮುಷ್ಕರಗಳೂ ಒಂದರ ಬಾಲಕ್ಕೆ ಒಂದು ಗಂಟುಬಿದ್ದು ಬರುತ್ತವೆ. 2021ರ ಡಿಸೆಂಬರ್ 16 ಮತ್ತು 17ರಂದು, ಎಂದರೆ ಬಸ್ಸಿಲ್ಲದ ಆ ದಿನಗಳಲ್ಲಿಯೇ, ಖಾಸಗೀಕರಣವನ್ನು ವಿರೋಧಿಸಿ ರಾಷ್ಟ್ರೀಕೃತ ಬ್ಯಾಂಕುಗಳ ನೌಕರರು ಮುಷ್ಕರ ಹೂಡಿದರು. ವಡಾಪಕ್ಕೆ ಹಣ ತೆತ್ತು ನಿವೃತ್ತಿವೇತನಕ್ಕೆಂದು ಹೋದ ನಮ್ಮೂರ ಇಬ್ಬರು ವೃದ್ಧರು ಮುಚ್ಚಿದ ಬಾಗಿಲು ನೋಡಿ ಮರಳಿದರು. 2023ರ ಮಾರ್ಚ್ 14ರಿಂದ 20ರವರೆಗೆ ಹಳೆಯ ಪಿಂಚಣಿ ಪದ್ಧತಿಗಾಗಿ ಮಹಾರಾಷ್ಟ್ರದ ಸರಕಾರಿ ನೌಕರರು ಕೆಲಸ ನಿಲ್ಲಿಸಿದಾಗ ದವಾಖಾನೆ, ಶಾಲೆ, ಕಚೇರಿಗಳು ಮೂರೂ ತತ್ತರಿಸಿದವು. ಇನ್ನು ಹಬ್ಬದ ಮುನ್ನಾದಿನಗಳಂತೂ ಮುಷ್ಕರಕ್ಕೆಂದೇ ಮೀಸಲೋ ಎಂಬಂತಾಗಿದೆ. 2017ರ ದೀಪಾವಳಿಯಲ್ಲಿ ಅಕ್ಟೋಬರ್ 17ರಿಂದ ನಾಲ್ಕು ದಿನ, 2024ರಲ್ಲಿ ಗಣೇಶ ಚೌತಿಗೆ ಕೆಲವೇ ದಿನ ಮೊದಲು ಎರಡು ದಿನ ಎಸ್.ಟಿ. ನಿಂತಿತ್ತು. ಕರ್ನಾಟಕದಲ್ಲಿಯೂ 2025ರ ಆಗಸ್ಟ್ 5ರಂದು ಒಂದು ದಿನ ಬಸ್ಸುಗಳು ನಿಂತವು. ಇವು ಸಾಲದೆಂಬಂತೆ 2022ರ ಡಿಸೆಂಬರಿನಲ್ಲಿ, 2025ರ ಫೆಬ್ರುವರಿಯಲ್ಲಿ ಗಡಿಯ ತಂಟೆಯಿಂದಾಗಿ ಎರಡು ರಾಜ್ಯಗಳ ನಡುವಣ ಬಸ್ಸುಗಳು ಕೆಲವು ದಿನ ಸ್ಥಗಿತಗೊಂಡವು. ಪಗಾರದ ಜಗಳವಿರಲಿ, ಭಾಷೆಯ ಜಗಳವಿರಲಿ, ಮೊದಲು ನಿಲ್ಲುವುದು ನಮ್ಮ ಬಸ್ಸೇ.

ಮುಷ್ಕರಗಳು ಈ ಕಾಲದಲ್ಲಿಯೇ ಹುಟ್ಟಿದವೆಂದು ಕಿರಿಯರು ಭಾವಿಸಬಾರದು. 1974ರ ಮೇ 8ರಿಂದ 27ರವರೆಗೆ ಇಡೀ ದೇಶದ ರೈಲು ನೌಕರರು ಹೂಡಿದ ಮುಷ್ಕರ ನಮ್ಮ ಪ್ರಾಯದ ಕಾಲದ್ದು. 1977–78ರಲ್ಲಿ ಮಹಾರಾಷ್ಟ್ರದ ಸರಕಾರಿ ನೌಕರರು 54 ದಿನ ಕೆಲಸ ಬಿಟ್ಟಿದ್ದರು. ಅಂದು ಹಳ್ಳಿಯ ಬದುಕು ಇಷ್ಟೊಂದು ಹೊರಗಿನ ಮೇಲೆ ನಿಂತಿರಲಿಲ್ಲ. ಶಾಲೆ ಏಳನೆಯ ಇಯತ್ತೆಗೆ ಮುಗಿಯುತ್ತಿತ್ತು, ಔಷಧಿ ಊರ ವೈದ್ಯನಲ್ಲಿತ್ತು, ಕೂಲಿ ಪಕ್ಕದ ಹೊಲದಲ್ಲಿತ್ತು. ಇಂದು ವಿದ್ಯೆ, ವೈದ್ಯ, ವೇತನ ಮೂರೂ ಹತ್ತು ಹರದಾರಿಯಾಚೆ ಇವೆ. ಸೇವೆಗಳು ಬೆಳೆದಷ್ಟೂ ಅವು ನಿಂತಾಗಿನ ಪೆಟ್ಟೂ ಬೆಳೆದಿದೆ.

ಹಾಗಾದರೆ ಮಾರ್ಗವೇನು? ನೌಕರನಿಗೆ ಮುಷ್ಕರದ ಹಕ್ಕೇ ಬೇಡವೆನ್ನುವುದು ಅನ್ಯಾಯವಾದೀತು. ಕೇಳದ ಕಿವಿಗೆ ಕೇಳಿಸಲು ಅವನಲ್ಲಿರುವ ಸಾಧನ ಅದೊಂದೇ. ಇತರ ದೇಶಗಳವರು ಈ ತೊಡಕನ್ನು ಬಿಡಿಸಿದ ರೀತಿಯನ್ನು ನೋಡಬಹುದು. ಇಟಲಿಯಲ್ಲಿ 1990ರಿಂದ ಒಂದು ಕಾಯ್ದೆಯುಂಟು. ಅಲ್ಲಿ ಮುಷ್ಕರಕ್ಕೆ ತಡೆಯಿಲ್ಲ. ಆದರೆ ಹತ್ತು ದಿನ ಮೊದಲು ತಿಳಿಸಬೇಕು, ಅತ್ಯಾವಶ್ಯಕವಾದಷ್ಟು ಸೇವೆಯನ್ನು ನಡೆಸಲೇಬೇಕು. ಆದುದರಿಂದ ಜನರು ಬೆಳಗ್ಗೆ ಕೆಲಸಕ್ಕೆ ಹೋಗುವ ವೇಳೆಯಲ್ಲೂ ಸಂಜೆ ಮರಳುವ ವೇಳೆಯಲ್ಲೂ ವಾಹನಗಳು ಓಡುತ್ತವೆ. ಜಪಾನಿನ ಒಕಾಯಾಮಾ ನಗರದಲ್ಲಿ 2018ರಲ್ಲಿ ಬಸ್ಸಿನ ಚಾಲಕರು ಇನ್ನೂ ವಿಚಿತ್ರವಾದ ಉಪಾಯ ಹೂಡಿದರು. ಬಸ್ಸನ್ನು ಓಡಿಸಿದರು, ಟಿಕೀಟಿನ ಹಣವನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ನಷ್ಟ ಮಾಲಿಕರಿಗಾಯಿತು, ಪ್ರಯಾಣಿಕನು ಊರು ಸೇರಿದನು. ನಮ್ಮಲ್ಲಿಯೂ ಸಾರ್ವಜನಿಕ ಸೇವೆಗಳಲ್ಲಿ ಮುಷ್ಕರಕ್ಕೆ 14 ದಿನ ಮೊದಲು ಸೂಚನೆ ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆ ವಿಧಿಸಿತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೆ ಆ 14 ದಿನಗಳು ಮಾತುಕತೆಗೆ ಬಳಕೆಯಾಗಬೇಕು. ಸೂಚನಾಪತ್ರವು ಕಚೇರಿಯ ಮೇಜಿನ ಮೇಲೆ ಮಲಗಿದ್ದು, ಹಬ್ಬದ ಹಿಂದಿನ ದಿನ ಎಲ್ಲರೂ ಎಚ್ಚತ್ತರೆ ಪ್ರಯೋಜನವೇನು? 2024ರಲ್ಲಿ ಎರಡೇ ದಿನಗಳಲ್ಲಿ ಮೂಲವೇತನಕ್ಕೆ 6,500 ರೂಪಾಯಿಯ ಹೆಚ್ಚಳ ಒಪ್ಪಿಗೆಯಾಯಿತು. ಎರಡು ದಿನದಲ್ಲಿ ಕೊಡಬಹುದಾದುದನ್ನು ಎರಡು ವಾರ ಮೊದಲು ಕೊಡಬಾರದೇಕೆ ಎಂದು ಕೇಳುವ ಅಧಿಕಾರ ಪ್ರಯಾಣಿಕನಿಗೆ ಉಂಟು.

ನಮ್ಮ ಕೋರಿಕೆ ಅತ್ಯಲ್ಪವಾದುದು. ಯಾವ ಮುಷ್ಕರವೇ ಆಗಲಿ, ಪ್ರತಿ ಹಳ್ಳಿಯ ದಾರಿಯಲ್ಲಿ ಬೆಳಗ್ಗೆ ಒಂದು, ಸಂಜೆ ಒಂದು ಫೇರಿ ನಡೆಯಲಿ. ಶಾಲೆಯ ಮಕ್ಕಳೂ ದವಾಖಾನೆಯ ರೋಗಿಗಳೂ ಅದರಲ್ಲಿ ಹೋಗಿಬರಲಿ. ಇದರಿಂದ ನೌಕರರ ಹೋರಾಟ ಬಲಗುಂದಲಾರದು. ಜನರ ಸಹಾನುಭೂತಿಯಿಂದ ಅದು ಇಮ್ಮಡಿಸೀತು. ಮಾತುಕತೆಯ ಕೋಣೆಯಲ್ಲಿ ಸರಕಾರಕ್ಕೂ ಸಂಘಗಳಿಗೂ ಕುರ್ಚಿಯಿದೆ. ಪಾಸು ಹಿಡಿದ ಹುಡುಗಿಗೆ ಇಲ್ಲ. ಅವಳ ಪರವಾಗಿ ಗ್ರಾಮಪಂಚಾಯತಿಗಳು, ಶಾಲೆಯ ಮುಖ್ಯಾಧ್ಯಾಪಕರು, ಗಡಿಭಾಗದ ನಮ್ಮ ಸಂಘಸಂಸ್ಥೆಗಳು ಎರಡೂ ಸರಕಾರಗಳಿಗೆ ಬರೆಯಬೇಕು, ಎರಡೂ ಕಡೆಯ ನೌಕರರ ಸಂಘಗಳಿಗೂ ಬರೆಯಬೇಕು. ಮರಾಠಿಯಲ್ಲೊಂದು, ಕನ್ನಡದಲ್ಲೊಂದು ಪತ್ರ. ಎರಡು ಭಾಷೆ ಬಲ್ಲವರಾದ ನಮಗಿಂತ ಇದಕ್ಕೆ ಯೋಗ್ಯರು ಯಾರು?

ಅಲ್ಲಿಯವರೆಗೆ ನಮ್ಮ ಕೈಯಲ್ಲಿ ಇರುವುದನ್ನು ನಾವು ಮಾಡಬಹುದು. ಮೋಟಾರ್ ಸೈಕಲ್ ಮೇಲೆ ಮಗಳನ್ನು ಬಿಡಲು ಹೋಗುವ ತಂದೆ ನೆರೆಮನೆಯ ಮಗಳನ್ನೂ ಕೇಳಲಿ. ದವಾಖಾನೆಗೆ ಹೊರಟವರು ಕೇರಿಯ ಮುದುಕರ ಔಷಧಿಯ ಚೀಟಿಯನ್ನೂ ಜೊತೆಗೆ ಒಯ್ಯಲಿ. ಕೇರಿಯ ನಾಲ್ಕು ಮನೆಗಳು ಕೂಡಿ ಒಂದು ಜೀಪನ್ನು ತಿಂಗಳಿಗೆಂದು ಗೊತ್ತುಮಾಡಿದರೆ ಒಂದು ಮನೆಗೆ ಬೀಳುವ ಭಾರ ಹಗುರವಾಗುತ್ತದೆ. ಇಷ್ಟಾದರೂ ನಡೆದರೆ, ಮುಂದೆ ಎಂದಾದರೂ ಬಸ್ಸು ನಿಂತಾಗ ಒಬ್ಬ ಹುಡುಗಿಯ ಪುಸ್ತಕವಾದರೂ ತೆರೆದೇ ಇದ್ದೀತು.